ಚಿಲಕದಕ್ಕನ ಒಣ ನೆಲ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮಾರುಕಟ್ಟೆಯ ಹಿಂಭಾಗಕ್ಕೆ ತರಕಾರಿ ಲಾರಿಗಳು ಬಂದು ನಿಲ್ಲುತ್ತಿವೆ, ಹಮಾಲರು ಒಬ್ಬರನ್ನೊಬ್ಬರು ಬೈದುಕೊಳ್ಳುತ್ತ ಮೂಟೆ ಇಳಿಸುತ್ತಿದ್ದಾರೆ. ಈ ಗದ್ದಲಕ್ಕೆ ಬೆನ್ನು ತಿರುಗಿಸಿ ನಿಂತ ಗಿಡ್ಡನೆಯ ಕಟ್ಟಡವೊಂದರ ಒಳಗಿಂದ ನೆಲದ ಮೇಲೆ ವೈಪರ್ ಎಳೆಯುವ ಸದ್ದು ಬರುತ್ತಿದೆ. ನಾನು ಹೊಸಿಲ ಹತ್ತಿರ ಹೋಗಿ ಕೆಮ್ಮುತ್ತೇನೆ. 'ತಡೀರಿ ಸಾರ್, ಒಣಗ್ಲಿ' ಎನ್ನುತ್ತದೆ ಒಳಗಿನ ದನಿ.

ಐವತ್ತು ದಾಟಿದ, ತೆಳ್ಳಗಿನ ಹೆಂಗಸೊಬ್ಬರು ಒಳಮೂಲೆಯಿಂದ ಬಾಗಿಲ ಕಡೆಗೆ ಹಿಂದೆ ಹಿಂದೆ ಸರಿಯುತ್ತ ನೀರು ಎಳೆದುಕೊಂಡು ಬರುತ್ತಾರೆ. ಒಮ್ಮೆ ಎಳೆದ ಕಡೆ ಮತ್ತೆ ಕಾಲಿಡುವುದಿಲ್ಲ. ಕೊನೆಯ ನೀರನ್ನು ಮೋರಿಗೆ ತಳ್ಳಿ, ನನ್ನ ಪಕ್ಕ ಬಂದು ನಿಲ್ಲುತ್ತಾರೆ. ಇಬ್ಬರೂ ಸೇರಿ ನೆಲ ಒಣಗುವುದನ್ನು ನೋಡುತ್ತೇವೆ. ಇದು ನೋಡುವಂಥ ವಿಷಯವೇ ಎಂದು ನೀವು ಕೇಳಬಹುದು. ಅವರಿಗೆ ಹೌದು. 'ಹಾಂ, ಈಗ ಬನ್ನಿ. ಚಪ್ಪಲಿ ಮಾತ್ರ ಆಚೆ ಬಿಡಿ.'

ಇದು ಹೆಂಗಸರ ಸಾರ್ವಜನಿಕ ಶೌಚಾಲಯ. ಇಂಥ ಜಾಗಕ್ಕೆ ಚಪ್ಪಲಿ ಬಿಟ್ಟು ಬನ್ನಿ ಎಂದವರನ್ನು ನಾನು ಇವತ್ತಿನವರೆಗೆ ಕಂಡಿಲ್ಲ. ಪ್ಯಾಂಟು ಮಡಚಿ, ಉಸಿರು ಬಿಗಿಹಿಡಿದು, ದೇವರ ಮೇಲೆ ಭಾರ ಹಾಕಿ ಒಳಗೆ ಹೋಗಿ ಅಭ್ಯಾಸವಾದ ಜನ ನಾವು. ಹಿಂಜರಿಯುತ್ತಲೇ ಬರಿಗಾಲು ಇಡುತ್ತೇನೆ. ನೆಲ ತಣ್ಣಗಿದೆ, ಒಣಗಿದೆ. ಫಿನಾಯಿಲ್ ವಾಸನೆಯೂ ಅತಿಯಾಗಿಲ್ಲ. 'ಜಾಸ್ತಿ ಹಾಕಿದ್ರೆ ಏನೋ ಮುಚ್ಚಿಡ್ತಾ ಇದೀವಿ ಅನ್ನಿಸುತ್ತೆ' ಎನ್ನುತ್ತಾರೆ ಆಕೆ.

ಅವರ ನಿಜ ಹೆಸರು ನಗರಸಭೆಯ ಹಾಜರಿಯಲ್ಲಿ ಇರಬೇಕು. ಮಾರುಕಟ್ಟೆಯಲ್ಲಿ ಮಾತ್ರ ಎಲ್ಲರಿಗೂ ಅವರು ಚಿಲಕದಕ್ಕ. ಕಟ್ಟಡ ಕಟ್ಟಿದ ಗುತ್ತಿಗೆದಾರ ಬಾಗಿಲುಗಳಿಗೆ ಕಾಗದದಂಥ ತಗಡಿನ ಚಿಲಕ ಹಾಕಿ ಕೈತೊಳೆದುಕೊಂಡಿದ್ದ. ಒಂದೇ ಮಳೆಗಾಲಕ್ಕೆ ಎಲ್ಲ ಬಾಗಿದವು. ಹೆಂಗಸರು ಒಳಗೆ ಕೂತು ಒಂದು ಕಾಲಲ್ಲಿ ಬಾಗಿಲು ಒತ್ತಿ ಹಿಡಿಯಬೇಕಿತ್ತು, ಇಲ್ಲವೇ ಜೊತೆಗೊಬ್ಬಳನ್ನು ಕಾವಲಿಗೆ ಕರೆತರಬೇಕಿತ್ತು. ಆಕೆ ಗುಜರಿ ಅಂಗಡಿಯಿಂದ ಹಳೆಯ ಕಬ್ಬಿಣದ ಚಿಲಕಗಳನ್ನು ಆರಿಸಿ ತಂದು, ಎಣ್ಣೆ ಹಾಕಿ, ತಾವೇ ಮೊಳೆ ಹೊಡೆದು ಕೂರಿಸಿದರು. 'ಟಕ್ ಅಂತ ಬೀಳ್ಬೇಕು ಸಾರ್. ಆ ಸದ್ದು ಕೇಳಿದ್ರೇನೇ ಒಳಗಿರೋಳಿಗೆ ಜೀವ ಸಮಾಧಾನ.' ಮೊಳೆ ಹೊಡೆಯುವಾಗ ಹೆಬ್ಬೆರಳು ಜಜ್ಜಿಕೊಂಡಿದ್ದಕ್ಕೆ ಬಂದ ಬಹುಮಾನ ಈ ಅಡ್ಡಹೆಸರು ಎಂದು ನಗುತ್ತಾರೆ.

ಆಚೆ ಹೆಂಗಸರ ಮಾತು ಕೇಳುತ್ತಿದ್ದಂತೆ ನನ್ನನ್ನು ಹೊರಗಟ್ಟುತ್ತಾರೆ. ಇನ್ನು ಸಂಜೆಯವರೆಗೆ ನನ್ನ ಜಾಗ ಎದುರಿನ ತಕ್ಕಡಿ ರಿಪೇರಿ ಅಂಗಡಿಯ ಕಟ್ಟೆ. ಅಲ್ಲಿ ಕೂತು ನೋಡುತ್ತೇನೆ. ಸೊಪ್ಪಿನವರು ಬರುತ್ತಾರೆ, ಹಣ್ಣಿನವರು ಬರುತ್ತಾರೆ, ಹಳೆ ಬಟ್ಟೆ ಮಾರುವವರು, ಬಸ್ಸಿನ ಕಂಡಕ್ಟರ್ ಹುಡುಗಿಯರು, ಪೇಟೆಗೆ ಬಂದ ಬಸುರಿಯರು, ಮಗುವನ್ನು ಎಳೆದುಕೊಂಡು ಓಡಿ ಬರುವ ತಾಯಂದಿರು. ಪ್ರತಿಯೊಬ್ಬರ ಹಿಂದೆಯೂ ಆಕೆ ಒಂದು ಸಲ ವೈಪರ್ ಎಳೆಯುತ್ತಾರೆ. ದಿನಕ್ಕೆ ಎಷ್ಟು ಜನ ಬರುತ್ತಾರೆ ಎಂದು ಕೇಳಿದರೆ ನನ್ನನ್ನೇ ದಡ್ಡನಂತೆ ನೋಡುತ್ತಾರೆ. 'ನಾನೇನು ಟಿಕೆಟ್ ಹರೀತೀನಾ? ಓಡಿ ಬರೋರನ್ನ ನಿಲ್ಲಿಸಿ ಎಣಿಸೋಕಾಗುತ್ತಾ ಸಾರ್, ಎಂಥ ಮಾತು!'

ಇಲ್ಲಿ ಶುಲ್ಕವಿಲ್ಲ. ಶುಲ್ಕವಿಲ್ಲದ್ದಕ್ಕೆ ಲೆಕ್ಕವೂ ಇಲ್ಲ. ಲೆಕ್ಕವಿಲ್ಲದ ಕಾರಣ ಈ ಕಟ್ಟಡವನ್ನು ಯಾರಾದರೂ ಬಳಸುತ್ತಾರೆ ಎಂಬುದಕ್ಕೆ ನಗರಸಭೆಯ ಬಳಿ ಆಧಾರವೂ ಇಲ್ಲ. ಇದನ್ನು ಕೆಡವಿ, ಜಾಗವನ್ನು ವಾಹನ ನಿಲುಗಡೆಗೆ ಗುತ್ತಿಗೆ ಕೊಡಬೇಕೆಂಬ ಪ್ರಸ್ತಾಪ ಈ ವಾರಾಂತ್ಯದ ಸಾಮಾನ್ಯ ಸಭೆಯ ಮುಂದಿದೆ. ಜೊತೆಗೊಂದು ವರದಿಯಿದೆ. ಸ್ಥಾಯಿ ಸಮಿತಿಯ ಸದಸ್ಯರು ಖುದ್ದಾಗಿ ಬಂದು, ಕಣ್ಣಾರೆ ನೋಡಿ ಕೊಟ್ಟ ವರದಿ: ಸದರಿ ಶೌಚಾಲಯವು ಸುಸ್ಥಿತಿಯಲ್ಲಿದ್ದು, ಸಾರ್ವಜನಿಕರು ಇದನ್ನು ಬಳಸುತ್ತಿಲ್ಲ.

ಈ ಸಾಲು ಬರೆದವರು ಸುಳ್ಳು ಬರೆದಿಲ್ಲ. ಅವರು ಕಂಡದ್ದೇ ಅದು. ಹಾಗೆ ಕಾಣುವಂತೆ ಮಾಡಿದವರು ಯಾರು ಎಂದರೆ, ಚಿಲಕದಕ್ಕ.

'ನನ್ನ ಕೈಯಾರೆ ನಾನೇ ಮಾಡ್ಕೊಂಡಿದ್ದು' ಎನ್ನುತ್ತಾರೆ ಆಕೆ, ಒಡೆದ ಮಗ್ಗಿನಲ್ಲಿ ಟೀ ಹಿಡಿದು ಕಟ್ಟೆಯ ಕೆಳಗಿನ ಮೆಟ್ಟಿಲ ಮೇಲೆ ಕೂತು. ಮೇಲಿನ ನೀರಿನ ಟ್ಯಾಂಕ್ ಸೋರುತ್ತಿದೆ, ಹೊಸದು ಹಾಕಿಸಿ ಎಂದು ಅವರು ಎಷ್ಟೋ ಕಾಲದಿಂದ ನಗರಸಭೆಯ ಸ್ವಚ್ಛತಾ ಮೇಸ್ತ್ರಿಯ ಬೆನ್ನು ಬಿದ್ದಿದ್ದರು. ಒಂದು ದಿನ ಮೇಸ್ತ್ರಿ ಬಂದು, ನಾಳೆ ಬೆಳಿಗ್ಗೆ ಸಮಿತಿಯವರು ಬರುತ್ತಾರೆ, ಜಾಗ ನೋಡುತ್ತಾರೆ ಎಂದ. ಪಾಪ, ಅವನಿಗೂ ಅಷ್ಟೇ ಗೊತ್ತಿದ್ದದ್ದು. ಟ್ಯಾಂಕ್ ವಿಷಯಕ್ಕೇ ಬರುತ್ತಿದ್ದಾರೆ ಎಂದು ಆಕೆ ಲೆಕ್ಕ ಹಾಕಿದರು. ದೊಡ್ಡವರು ಬರುವಾಗ ಮನೆ ಹೇಗಿರಬೇಕು? ಗೋಡೆಯ ಟೈಲ್ಸ್ ಸಂದುಗಳನ್ನು ಹಳೆ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿದರು, ಬಾಗಿಲುಗಳನ್ನು ತೊಳೆದರು, ಬಕೆಟ್‌ಗಳನ್ನು ಒಂದೇ ಸಾಲಿಗೆ ಇಟ್ಟರು. ಆಮೇಲೆ ಮಾರುಕಟ್ಟೆಯೆಲ್ಲ ಸುತ್ತಿ ಒಂದು ಮಾತು ಹೇಳಿ ಬಂದರು.

'ಏನು ಹೇಳಿದ್ರಿ?'

'ನಾಳೆ ಅವ್ರು ಬಂದು ಹೋಗೋವರೆಗೂ ಯಾರೂ ಬರಬೇಡ್ರಮ್ಮ, ನೆಲ ಒದ್ದೆ ಆಗುತ್ತೆ ಅಂದೆ.'

ಮಾರುಕಟ್ಟೆಯ ಹೆಂಗಸರು ಆ ಮಾತನ್ನು ಚಾಚೂ ತಪ್ಪದೆ ಪಾಲಿಸಿದರು. ನಗರಸಭೆಯ ಯಾವ ಆದೇಶವನ್ನೂ ಇಷ್ಟು ಶಿಸ್ತಿನಿಂದ ಈ ಊರು ಪಾಲಿಸಿದ ಉದಾಹರಣೆ ನನಗೆ ಗೊತ್ತಿಲ್ಲ. ಬೆಳಿಗ್ಗೆ ಬರಬೇಕಾದ ಸಮಿತಿ ತನ್ನ ಘನತೆಗೆ ತಕ್ಕಂತೆ ಮಧ್ಯಾಹ್ನಕ್ಕೆ ಬಂತು. ಅಲ್ಲಿಯವರೆಗೆ ಹೆಂಗಸರು ನೀರು ಮುಟ್ಟದೆ, ಕಾಲು ಬಿಗಿಹಿಡಿದು, ತಕ್ಕಡಿ ಮುಂದೆ ಕೂತೇ ಇದ್ದರು.

ಆ ದಿನದ ಕಥೆಯನ್ನು ನನಗೆ ಬಣ್ಣಿಸಿ ಹೇಳುವವಳು ಈರುಳ್ಳಿ ಅಜ್ಜಿ. ಮಾರುಕಟ್ಟೆಯ ಮೊದಲ ಸಾಲಿನಲ್ಲಿ ಈರುಳ್ಳಿ ರಾಶಿಯ ಹಿಂದೆ ಕೂತಿರುವ, ಬಾಯಿ ಜೋರಿನ ಮುದುಕಿ. 'ಏನು ಕೇಳ್ತೀಯಪ್ಪ ಪೇಪರ್ನೋನೇ! ಜೀವ ಬಾಯಿಗೆ ಬಂದಿತ್ತು. ಗಿರಾಕಿ ಬಂದು ರೇಟ್ ಕೇಳಿದ್ರೆ ಬಾಯಿ ಬಿಡೋಕೂ ಭಯ. ಕೇಳಿದಷ್ಟಕ್ಕೇ ಕೊಟ್ಟು ಕಳ್ಸಿದೀನಿ ಆವತ್ತು. ಜನ ಅಂದ್ಕೊಂಡ್ರು, ಅಜ್ಜಿಗೆ ಒಳ್ಳೆ ಬುದ್ಧಿ ಬಂತು ಅಂತ.' ಸುತ್ತಲಿನವರೆಲ್ಲ ಹೊಟ್ಟೆ ಹಿಡಿದು ನಗುತ್ತಾರೆ. ನಗು ನಿಂತ ಮೇಲೆ ಅವಳು ದನಿ ತಗ್ಗಿಸುತ್ತಾಳೆ. 'ಈ ಕಟ್ಟಡ ಆಗೋಕೆ ಮುಂಚೆ ದಿನಾ ಹಿಂಗೇ ಇತ್ತು ಕಣಪ್ಪ. ಬೆಳಗಿಂದ ಸಂಜೆವರೆಗೂ ಗಂಟ್ಲು ನೆನೆಸ್ತಿರ್ಲಿಲ್ಲ. ನನ್ನ ತಂಗಿ ಕಿಡ್ನಿ ಅದ್ರಲ್ಲೇ ಹೋಯ್ತು.'

ಇನ್ನೊಂದು ಶೌಚಾಲಯ ಇರುವುದು ಬಸ್ ನಿಲ್ದಾಣದಲ್ಲಿ, ಮೇಲ್ಸೇತುವೆಯ ಆಚೆ. ಅಂಗಡಿ ಬಿಟ್ಟು ಅಲ್ಲಿಗೆ ಹೋಗಿ ಬರುವಷ್ಟರಲ್ಲಿ ರಾಶಿಯಲ್ಲಿ ಅರ್ಧ ಮಾಯವಾಗಿರುತ್ತದೆ. ಅದಕ್ಕೇ ಯಾರೂ ಹೋಗುವುದಿಲ್ಲ. ಕಟ್ಟಡ ಕೆಡವಿದರೆ ಚಿಲಕದಕ್ಕನ ಕೆಲಸವೇನೂ ಹೋಗುವುದಿಲ್ಲ, ರಸ್ತೆ ಗುಡಿಸಲು ಹಾಕುತ್ತಾರೆ. ಇದನ್ನು ಅವರೇ ನನಗೆ ಮೊದಲು ಹೇಳಿದ್ದು. 'ನನ್ನನ್ನ ಇನ್ನೊಂದು ಕಡೆ ಹಾಕ್ತಾರೆ ಸಾರ್. ಇವ್ರನ್ನ ಎಲ್ಲಿ ಹಾಕ್ತಾರೆ?'

ಸಮಿತಿಯವರು ಬಂದ ಕ್ಷಣವನ್ನು ಆಕೆ ಈಗಲೂ ಸ್ವಲ್ಪ ನಾಚಿಕೆಯಿಂದಲೇ ನೆನೆಯುತ್ತಾರೆ. ನಾಲ್ಕಾರು ಜನ ಗಂಡಸರು ಒಳಗೆ ಹೋದರು. ಬಾಗಿಲುಗಳೆಲ್ಲ ತೆರೆದಿದ್ದವು, ನೆಲ ಕನ್ನಡಿಯಂತಿತ್ತು, ಒಂದು ನರಪಿಳ್ಳೆಯೂ ಇರಲಿಲ್ಲ. ಸಮಿತಿಯ ಅಧ್ಯಕ್ಷರು ಹೊರಗೆ ಬಂದು, 'ನಮ್ಮ ಮನೇದೂ ಇಷ್ಟು ಚೆನ್ನಾಗಿಲ್ಲಮ್ಮ' ಎಂದರು. ಹೊಗಳಿಕೆ ಕೇಳಿ ಚಿಲಕದಕ್ಕನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅವರ ಕಾರು ತಿರುವು ದಾಟುವ ಮೊದಲೇ ಹೆಂಗಸರೆಲ್ಲ ಓಡಿ ಬಂದರು. ಆ ನೂಕುನುಗ್ಗಲನ್ನು ನೋಡಲು ಒಬ್ಬ ಸದಸ್ಯರೂ ಇರಲಿಲ್ಲ. ಅಂದು ಆಕೆ ಎಲ್ಲರಿಗೂ ಟೀ ಕುಡಿಸಿದರು. ಹೊಸ ಟ್ಯಾಂಕ್ ಬಂದಂತೆಯೇ ಎಂದು ಎಲ್ಲರೂ ಅಂದುಕೊಂಡರು.

ನನಗೆ ಇಲ್ಲಿ ಒಂದು ಮಾತು ಹೇಳದೆ ಇರಲಾಗುವುದಿಲ್ಲ. ಹೆಂಗಸರ ಶೌಚಾಲಯದೊಳಗೆ ಗಂಡಸರು ಕಾಲಿಡಬೇಕಾದರೆ ಅದು ಖಾಲಿಯಿರಲೇಬೇಕು. ಖಾಲಿಯಿದ್ದಾಗ ಮಾತ್ರ ನೋಡಿದವರಿಗೆ ಅದು ಯಾವಾಗಲೂ ಖಾಲಿಯೇ. ಸಮಿತಿಯಲ್ಲಿ ಒಬ್ಬ ಸದಸ್ಯೆಯೂ ಇದ್ದಾರೆ, ಅಂದು ಅವರು ಬೇರೊಂದು ಕಡೆ ನೀರಿನ ಗಲಾಟೆಗೆ ಹೋಗಿದ್ದರು. ಉಳಿದ ಯಾರಿಗೂ ಈ ಸಣ್ಣ ವಿಷಯ ಹೊಳೆಯಲಿಲ್ಲ. ನನಗೆ ಹೊಳೆದದ್ದೂ ಕಟ್ಟೆಯ ಮೇಲೆ ಎರಡು ದಿನ ಕೂತ ಮೇಲೆ, ಆದ್ದರಿಂದ ನಾನೇನೂ ಹೆಚ್ಚು ಜಂಬ ಪಡುವ ಹಾಗಿಲ್ಲ.

ವರದಿಯ ಸುದ್ದಿ ಮೇಸ್ತ್ರಿಯ ಬಾಯಿಂದಲೇ ಬಂದಾಗ ಚಿಲಕದಕ್ಕನಿಗೆ ಊಟ ಸೇರಲಿಲ್ಲ. ಮರುದಿನ ಈರುಳ್ಳಿ ಅಜ್ಜಿಯನ್ನು ಮುಂದಿಟ್ಟುಕೊಂಡು ಹೆಂಗಸರೆಲ್ಲ ವಾರ್ಡಿನ ಸದಸ್ಯರ ಕಚೇರಿಗೆ ಹೋದರು. ಸಮಿತಿಯ ಜೊತೆ ಬಂದು ನೋಡಿ ಹೋದವರಲ್ಲಿ ಅವರೂ ಒಬ್ಬರು, ಆದರೆ ಕೆಟ್ಟವರಲ್ಲ. ಇವರ ಮಾತನ್ನೆಲ್ಲ ಕೇಳಿ ತಲೆ ಕೆರೆದುಕೊಂಡರು.

'ನಾನೇ ಹೋಗಿ ನೋಡಿದೀನಲ್ಲ ಅಜ್ಜಿ. ಒಬ್ರೂ ಇರ್ಲಿಲ್ಲ.'

'ನೀವು ನೋಡ್ತೀರಾ ಅಂತಾನೇ ನಾವು ಬರ್ಲಿಲ್ಲ ಕಣಯ್ಯಾ!'

'ಅದ್ಯಾಕೆ?'

'ನೆಲ ಒದ್ದೆ ಆಗುತ್ತೆ ಅಂತ!'

ಸದಸ್ಯರು ವರದಿಯ ಪ್ರತಿ ತೆಗೆದು ಮತ್ತೊಮ್ಮೆ ಓದಿದರಂತೆ. ಆಮೇಲೆ, ಸಾಮಾನ್ಯ ಸಭೆಗೆ ಮೊದಲು ಮತ್ತೊಮ್ಮೆ ಸ್ಥಳ ಪರಿಶೀಲನೆ ಮಾಡಿಸುತ್ತೇನೆ, ಈ ಸಲ ಸದಸ್ಯೆಯನ್ನೂ ಕರೆತರುತ್ತೇನೆ ಎಂದು ಮಾತು ಕೊಟ್ಟರು. 'ಆದ್ರೆ ಬಳಕೆ ಇದೆ ಅಂತ ಕಣ್ಣಿಗೆ ಕಾಣ್ಬೇಕು. ಮತ್ತೆ ಹೋಟೆಲ್ ತರ ತಿಕ್ಕಿ ತೊಳೆದಿಟ್ರೆ ನನ್ನ ಮಾತು ಯಾರೂ ನಂಬಲ್ಲ.'

ಇಲ್ಲಿಂದ ಶುರುವಾಯಿತು ಚಿಲಕದಕ್ಕನ ಸಂಕಟ. ಹೆಂಗಸರ ತೀರ್ಮಾನ ಸರಳವಾಗಿತ್ತು. ಆವತ್ತು ಬೆಳಿಗ್ಗೆಯಿಂದ ಎಲ್ಲರೂ ಎಂದಿನಂತೆ ಬರುವುದು, ಸಮಿತಿಯವರು ಬಂದು ಹೋಗುವವರೆಗೆ ಆಕೆ ವೈಪರ್ ಮುಟ್ಟುವ ಹಾಗಿಲ್ಲ. ಆಕೆ ಒಪ್ಪಲಿಲ್ಲ. ಒರೆಸದೆ ಬಿಟ್ಟರೆ ಜಾರಿ ಬೀಳುತ್ತಾರೆ ಎಂದರು. ಬೀಳುವುದಿಲ್ಲ, ಗೋಡೆ ಹಿಡಿದು ನಡೆಯುತ್ತೇವೆ ಎಂದರು ಇವರು. ವಾಸನೆ ಬರುತ್ತದೆ ಎಂದರು. ಬರಲಿ, ಬರಬೇಕಾದದ್ದೇ ಅದು ಎಂದರು. ಕೊನೆಗೆ ಆಕೆ ಎದ್ದು ಮನೆಗೆ ಹೋಗಿಬಿಟ್ಟರು.

ಆ ಮನೆಗೆ ಪರಿಶೀಲನೆಯ ಹಿಂದಿನ ಸಂಜೆ ನಾನೂ ಹೋಗುತ್ತೇನೆ. ಎರಡು ಕೋಣೆ, ಕಿಟಕಿಯಲ್ಲಿ ಒಣಗಲು ಹಾಕಿದ ಏಪ್ರನ್ನು. ಅದು ಗಂಡನದು, ಬೇಕರಿಯಲ್ಲಿ ಒಲೆಯ ಮುಂದೆ ನಿಲ್ಲುವ ಮನುಷ್ಯ. ಬೆಳಗಿನ ಜಾವ ಇಬ್ಬರೂ ಒಟ್ಟಿಗೇ ಮನೆ ಬಿಡುತ್ತಾರೆ, ಒಬ್ಬರು ಬ್ರೆಡ್ಡಿನ ಕಡೆಗೆ, ಒಬ್ಬರು ಬಕೆಟ್ಟಿನ ಕಡೆಗೆ. ಒಳಕೋಣೆಯ ಮಂಚದ ಮೇಲೆ ಅತ್ತೆ ಇದ್ದಾರೆ. ಕಣ್ಣು ಬಹುತೇಕ ಹೋಗಿದೆ, ಹಲ್ಲೂ ಉಳಿದಿಲ್ಲ, ಕಚ್ಚುವ ಕೆಲಸವನ್ನೆಲ್ಲ ನಾಲಿಗೆಯೇ ಮಾಡುತ್ತದೆ. ಚಿಲಕದಕ್ಕನಿಗಿಂತ ಮೊದಲು ನಗರಸಭೆಯಲ್ಲಿ ಇದೇ ಕೆಲಸ ಮಾಡಿದವರು ಅವರು. ಆಗ ಅದು ಖಾಯಂ ಕೆಲಸ. ಸೊಸೆಯ ಹೊತ್ತಿಗೆ ಹೊರಗುತ್ತಿಗೆ ಆಯಿತು. ಹಿಂದೆ ಸರಿಯುತ್ತ ನೀರೆಳೆಯುವುದನ್ನು ಕಲಿಸಿದ್ದೂ ಅವರೇ.

'ದಿನಾ ಸಂಜೆ ಬಂದ ತಕ್ಷಣ ಕೇಳ್ತೀನಿ, ಇವತ್ತು ಬಾಗಿಲು ಹಾಕೋವಾಗ ನೆಲ ಹೇಗಿತ್ತೇ ಅಂತ' ಎನ್ನುತ್ತಾರೆ ಅತ್ತೆ. 'ಒಣಗಿತ್ತು ಅತ್ತೆ ಅಂದ್ರೆ ಊಟ ಮಾಡ್ತೀನಿ.'

'ಇಲ್ಲಾಂದ್ರೆ?'

'ಇಲ್ಲ ಅಂತ ಅಂದೇ ಇಲ್ಲ ಇವ್ಳು ಇಲ್ಲೀವರೆಗೂ.'

ನಾಳೆಯ ವಿಷಯವನ್ನು ಚಿಲಕದಕ್ಕ ಅತ್ತೆಗೆ ಹೇಳಿಲ್ಲ. ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತ ಪಿಸುಮಾತಿನಲ್ಲಿ ನನ್ನ ಹತ್ತಿರ ಒಪ್ಪಿಕೊಳ್ಳುತ್ತಾರೆ. 'ಗಲೀಜು ಮಾಡಿಟ್ಟು ತೋರ್ಸು ಅಂತಾರಲ್ಲ ಸಾರ್, ಹೇಗೆ ತೋರ್ಸೋದು? ನಮ್ಮನೇಲಿ ಯಾರೂ ಆ ಮಾತು ಕೇಳಿಸ್ಕೊಂಡಿಲ್ಲ.' ಗಂಡ ಬಾಗಿಲ ಬಳಿ ನಿಂತು ಕೇಳುತ್ತಿದ್ದಾರೆ. 'ಗಲೀಜು ಮಾಡು ಅಂತ ಯಾರಂದ್ರು? ಸುಮ್ನಿರು ಅಂದ್ರು ಅಷ್ಟೇ' ಎನ್ನುತ್ತಾರೆ. 'ಸುಮ್ನಿರೋದು ನಿಮ್ಗೆ ಸಲೀಸು' ಎಂದು ಆಕೆ ಮುಖ ತಿರುಗಿಸುತ್ತಾರೆ. ಅವರ ಕಣ್ಣು ತುಂಬಿರುವುದು ನನಗೆ ಕಾಣುತ್ತದೆ. ನಾನು ಬೇರೆ ಕಡೆ ನೋಡುತ್ತೇನೆ.

ಮರುದಿನ ಬೆಳಿಗ್ಗೆ ನಾನು ಕಟ್ಟೆ ತಲುಪುವ ಹೊತ್ತಿಗೆ ಬಾಗಿಲಲ್ಲಿ ಜಗಳ ನಡೆದಿದೆ. ಚಿಲಕದಕ್ಕ ಎಂದಿನಂತೆ ಬಂದು ವೈಪರ್ ಕೈಗೆ ತೆಗೆದುಕೊಂಡಿದ್ದಾರೆ. ಒಂದು ಸಲ, ಒಂದೇ ಸಲ ಎಳೆದುಬಿಡುತ್ತೇನೆ ಎನ್ನುತ್ತಿದ್ದಾರೆ. ಸೊಪ್ಪಿನವಳು ವೈಪರ್ ಕಿತ್ತುಕೊಂಡು ತನ್ನ ಬುಟ್ಟಿಯ ಹಿಂದೆ ಹಾಕಿಕೊಳ್ಳುತ್ತಾಳೆ. ಪೊರಕೆ ಇನ್ನೊಬ್ಬಳ ಪಾಲಾಗುತ್ತದೆ. ಆಕೆ ಬಕೆಟ್ಟಿನ ಕಡೆ ನೋಡುವಷ್ಟರಲ್ಲಿ ಈರುಳ್ಳಿ ಅಜ್ಜಿ ಅದನ್ನು ಬೋರಲು ಹಾಕಿ ಅದರ ಮೇಲೆ ಕೂತುಬಿಡುತ್ತಾಳೆ. 'ಎಬ್ಬಿಸು ನೋಡೋಣ. ನಂದು ಮಂಡಿ ನೋವು, ಎದ್ದೇಳೋಕೆ ಗಂಟೆ ಬೇಕು.'

ಹೆಂಗಸರು ಬರುತ್ತಾರೆ, ಹೋಗುತ್ತಾರೆ. ಕೆಸರು ಕಾಲು, ಸೊಪ್ಪಿನ ಚೂರು, ಚೆಲ್ಲಿದ ನೀರು. ಸಾಲು ಹೊಸಿಲು ದಾಟಿ ಹೊರಗೆ ಬರುತ್ತದೆ. ಕಟ್ಟೆಯವರೆಗೂ ವಾಸನೆ ಬರುತ್ತಿದೆ ಎಂಬುದನ್ನು ನಾನು ಇಲ್ಲಿ ದಾಖಲಿಸಲೇಬೇಕು. ಚಿಲಕದಕ್ಕ ಎರಡೂ ಕೈಗಳನ್ನು ಕಂಕುಳಲ್ಲಿ ಒತ್ತಿಕೊಂಡು ಗೋಡೆಗೆ ಒರಗಿ ನಿಂತಿದ್ದಾರೆ. ಪ್ರತಿ ಸಲ ಒಳಗೆ ನೀರು ಚೆಲ್ಲಿದ ಸದ್ದಾದಾಗಲೂ ಅವರ ಭುಜ ಅಲುಗುತ್ತದೆ.

ಸಮಿತಿ ಈ ಸಲ ಹೇಳಿದ ಹೊತ್ತಿಗೇ ಬರುತ್ತದೆ. ಗಂಡಸರಿಗೆ ಒಳಗೆ ಹೋಗಲಾಗುವುದಿಲ್ಲ, ಒಳಗೆ ಜನ ಇದ್ದಾರೆ. ಸಾಲಿನ ಪಕ್ಕದಲ್ಲಿ ನಿಲ್ಲುತ್ತಾರೆ. ಸಾಲು ಕರಗುವ ಲಕ್ಷಣ ಕಾಣುವುದಿಲ್ಲ, ಹಿಂದಿನಿಂದ ಹೊಸಬರು ಸೇರುತ್ತಲೇ ಇದ್ದಾರೆ. 'ಸ್ವಲ್ಪ ಸರೀರಪ್ಪ, ದಾರಿ ಬಿಡಿ' ಎಂದು ಹಣ್ಣಿನವಳೊಬ್ಬಳು ಸಮಿತಿಯ ಅಧ್ಯಕ್ಷರನ್ನೇ ಮೊಣಕೈಯಿಂದ ತಳ್ಳಿಕೊಂಡು ಒಳಗೆ ಓಡುತ್ತಾಳೆ. ಅಧ್ಯಕ್ಷರು ಅಂಗಿ ಸರಿಮಾಡಿಕೊಂಡು ಆಕಾಶ ನೋಡುತ್ತಾರೆ.

ಸದಸ್ಯೆ ಒಳಗೆ ಹೋಗುತ್ತಾರೆ. ನಿವೃತ್ತ ಶಿಕ್ಷಕಿ, ಮಾತು ಕಡಿಮೆ, ನೇರ. ಹೊರಗೆ ಬಂದಾಗ ಅವರ ಮೂಗಿನ ಮೇಲೆ ಕರವಸ್ತ್ರವಿದೆ, ಪಾದರಕ್ಷೆ ಒದ್ದೆಯಾಗಿದೆ. 'ಬಳಕೆ ಖಂಡಿತ ಇದೆ' ಎಂದು ಅಧ್ಯಕ್ಷರಿಗೆ ಹೇಳುತ್ತಾರೆ. 'ಇದನ್ನ ಕೆಡವೋ ಮಾತೇ ಇಲ್ಲ.' ಹೆಂಗಸರ ಮುಖ ಅರಳುವಷ್ಟರಲ್ಲಿ ಅವರು ಚಿಲಕದಕ್ಕನ ಕಡೆ ತಿರುಗುತ್ತಾರೆ.

'ಇಲ್ಲಿ ನೋಡ್ಕೊಳ್ಳೋರು ನೀವೇನಾ?'

'ಹೌದು ಮೇಡಂ.'

'ಇಷ್ಟು ಜನ ಬರೋ ಜಾಗ. ಒಂದು ಸಲ ನೆಲ ಒರೆಸೋಕೂ ಆಗಲ್ವಾ ನಿಮ್ಗೆ? ನಾಚಿಕೆ ಆಗ್ಬೇಕು.'

ಈರುಳ್ಳಿ ಅಜ್ಜಿ ಬಕೆಟ್ಟಿನ ಮೇಲಿಂದ ಎದ್ದು ಬಾಯಿ ತೆಗೆಯುತ್ತಾಳೆ. ವಾರ್ಡಿನ ಸದಸ್ಯರ ಮುಖ ಕೆಂಪಾಗಿದೆ, ಅವರಿಗೆ ಎಲ್ಲ ಗೊತ್ತು. ಈಗ ಯಾರಾದರೂ ನಿಜ ಹೇಳಿದರೆ ಇದು ನಾಟಕ ಎಂದಾಗುತ್ತದೆ. ಬಂದ ಹೆಂಗಸರೂ ನಾಟಕದವರು ಎಂದಾಗುತ್ತದೆ. ಪ್ರಸ್ತಾಪ ಮತ್ತೆ ಎದ್ದು ಕೂರುತ್ತದೆ. ಚಿಲಕದಕ್ಕ ಅಜ್ಜಿಯ ತೋಳು ಹಿಡಿದು ಹಿಂದಕ್ಕೆ ಎಳೆಯುತ್ತಾರೆ. ತಲೆ ತಗ್ಗಿಸಿ, 'ತಪ್ಪಾಯ್ತು ಮೇಡಂ' ಎನ್ನುತ್ತಾರೆ.

ಆ ಸದಸ್ಯೆಯ ಮೇಲೆ ನನಗೆ ಸಿಟ್ಟಿಲ್ಲ. ಕಂಡದ್ದನ್ನು ಹೇಳಿದರು. ಅಷ್ಟು ಹೇಳಲು ಒಬ್ಬರು ಬೇಕಿತ್ತು. ನಿಜ ಗೊತ್ತಿದ್ದ ನಾನೂ ಅಂದು ಕಟ್ಟೆಯಿಂದ ಏಳಲಿಲ್ಲ. ಅವರ ಕಾರುಗಳು ತಿರುಗಿದ ಮರುಕ್ಷಣವೇ ಚಿಲಕದಕ್ಕ ಸೊಪ್ಪಿನವಳ ಹತ್ತಿರ ಹೋಗಿ ಕೈಚಾಚುತ್ತಾರೆ. ವೈಪರ್ ಕೊಡುವಾಗ ಅವಳು ಅಳುತ್ತಿದ್ದಾಳೆ. 'ಅಳೋದೇನೇ, ಸರಿ ಅತ್ಲಾಗೆ, ಕಾಲು ತೆಗಿ' ಎಂದು ಬೈದು ಆಕೆ ಒಳಗೆ ಹೋಗುತ್ತಾರೆ. ಅಂದು ಅವರು ನೆಲವನ್ನು ಎಂದಿಗಿಂತ ಹೆಚ್ಚು ಹೊತ್ತು ತೊಳೆಯುತ್ತಾರೆ.

ಸಾಮಾನ್ಯ ಸಭೆಗೆ ನಾನು ಪತ್ರಕರ್ತರ ಬೆಂಚಿನಲ್ಲಿ ಕೂತಿದ್ದೇನೆ. ಉದ್ದನೆಯ ಮೇಜು, ಮೈಕುಗಳು, ಗೋಡೆಯ ಮೇಲೆ ನಿಂತುಹೋದ ಗಡಿಯಾರ. ಬೀದಿದೀಪದ ಗುತ್ತಿಗೆಯ ಬಗ್ಗೆ ಕಾಲು ಕೆರೆದು ಜಗಳವಾಗುತ್ತದೆ. ಕೆರೆಯ ಪಕ್ಕದ ಜಾಗದ ಮೇಲೆ ಇನ್ನೊಂದು. ನಮ್ಮ ವಿಷಯ ಇವೆರಡರ ನಡುವೆ ಬರುತ್ತದೆ, ಕೆಲವು ಸದಸ್ಯರು ಟೀಗೆ ಎದ್ದಿದ್ದಾರೆ. ವಾಹನ ನಿಲುಗಡೆಗೆ ಬೇರೆ ಜಾಗ ನೋಡುವುದು. ಶೌಚಾಲಯ ಉಳಿಸಿಕೊಳ್ಳುವುದು. ನೀರಿನ ಟ್ಯಾಂಕ್ ಬದಲಿಸುವುದು. ಸ್ವಚ್ಛತೆ ಅತೃಪ್ತಿಕರವಾಗಿರುವುದರಿಂದ ಕೆಲಸಗಾರ್ತಿಗೆ ಲಿಖಿತ ಎಚ್ಚರಿಕೆ ನೀಡುವುದು. ಎಲ್ಲವೂ ಒಂದೇ ಉಸಿರಿಗೆ. ಆಕ್ಷೇಪವಿದೆಯೇ ಎಂದು ನಗರಸಭೆಯ ಅಧ್ಯಕ್ಷರು ಕೇಳುತ್ತಾರೆ. ವಾರ್ಡಿನ ಸದಸ್ಯರು ಮೈಕಿನ ಕಡೆ ಬಗ್ಗುತ್ತಾರೆ, ಮತ್ತೆ ಹಿಂದಕ್ಕೆ ಒರಗುತ್ತಾರೆ. ಮೇಜು ಗುದ್ದುವ ಸದ್ದಾಗುತ್ತದೆ. ಒಮ್ಮೆ ಅಂಗೀಕಾರವಾದ ಠರಾವನ್ನು ಆರು ತಿಂಗಳವರೆಗೆ ಯಾರೂ ಮತ್ತೆ ಎತ್ತುವಂತಿಲ್ಲ ಎಂದು ಮೆಟ್ಟಿಲಿಳಿಯುವಾಗ ವಾರ್ಡಿನ ಸದಸ್ಯರು ನನಗೆ ಹೇಳುತ್ತಾರೆ. ಸಮಾಧಾನ ನನಗೆ ಹೇಳುತ್ತಿದ್ದರೋ, ತಮಗೇ ಹೇಳಿಕೊಳ್ಳುತ್ತಿದ್ದರೋ ಗೊತ್ತಾಗಲಿಲ್ಲ.

ಮಾರುಕಟ್ಟೆಯಲ್ಲಿ ಅಂದು ಹಬ್ಬ. ಈರುಳ್ಳಿ ಅಜ್ಜಿ ಕಂಡವರಿಗೆಲ್ಲ ನೀರು ಕುಡಿಸುತ್ತಿದ್ದಾಳೆ, ಕುಡೀರೇ, ಹೊಟ್ಟೆ ತುಂಬ ಕುಡೀರೇ ಎಂದು.

ಎರಡು ದಿನ ಕಳೆದು ನಾನು ಮತ್ತೆ ಬೆಳಗಿನ ಜಾವ ಹೋಗುತ್ತೇನೆ. ಮೇಸ್ತ್ರಿ ಎಚ್ಚರಿಕೆ ಪತ್ರವನ್ನು ತಂದುಕೊಟ್ಟು ಸಹಿ ಹಾಕಿಸಿಕೊಂಡು ಹೋಗಿದ್ದಾನೆ. ಕೊಡುವಾಗ ಅವನಿಗೆ ತಲೆಯೆತ್ತಲಾಗಲಿಲ್ಲವಂತೆ. 'ಎರಡು ಸಲ ಓದ್ದೆ ಸಾರ್' ಎನ್ನುತ್ತಾರೆ ಚಿಲಕದಕ್ಕ. 'ಕರ್ತವ್ಯದಲ್ಲಿ ನಿರ್ಲಕ್ಷ್ಯ ಅಂತ ಹಾಕಿದಾರೆ. ಬರ್ಕೊಳ್ಲಿ ಬಿಡಿ. ಕಟ್ಟಡ ಉಳೀತಲ್ಲ.' ಬೇಸರವಾಗಿದೆಯೇ ಎಂದು ಕೇಳುತ್ತೇನೆ. 'ಆಗ್ದೆ ಇರುತ್ತಾ? ಮೈಯೆಲ್ಲ ಉರೀತಾ ಇದೆ.'

ಫೋಟೋ ತೆಗೆಯಲೇ ಎಂದರೆ ಬೇಡ ಎನ್ನುತ್ತಾರೆ. ಹೆಸರೂ ಬೇಡ. ಸೆರಗಿನ ಅಂಚನ್ನು ತಿರುಚುತ್ತ ಕೊನೆಗೆ ತಾವೇ ಬಾಯಿಬಿಡುತ್ತಾರೆ. ಎಚ್ಚರಿಕೆ ಕೊಟ್ಟಿರುವ ವಿಷಯ ಅತ್ತೆಯ ಕಿವಿಗೆ ಬಿದ್ದಿದೆ. ಪಕ್ಕದ ಮನೆಯವರು ಹೇಳಿದ್ದಾರೆ. ನಿನ್ನೆ ಸಂಜೆ ಅತ್ತೆ ಎಂದಿನ ಪ್ರಶ್ನೆ ಕೇಳಲಿಲ್ಲ. ಊಟದ ತಟ್ಟೆ ಇಟ್ಟಾಗ ಗೋಡೆಯ ಕಡೆಗೆ ಹೊರಳಿ ಮಲಗಿದರು. ಸೊಸೆ ನಡೆದದ್ದನ್ನೆಲ್ಲ ಹೇಳಿದರೂ ನಂಬಲಿಲ್ಲ. ಸಿಕ್ಕಿಬಿದ್ದವರೆಲ್ಲ ಹೀಗೆಯೇ ಒಂದು ಕಥೆ ಕಟ್ಟುತ್ತಾರೆ ಎಂದರಂತೆ.

'ಭಾನುವಾರದ ಪೇಪರ್ ಅವ್ರಿಗೆ ಓದಿ ಹೇಳ್ತಾರೆ ಸಾರ್, ಪಕ್ಕದ್ಮನೆ ಹುಡ್ಗಿ. ಪೇಪರಲ್ಲಿ ಬಂದ್ರೆ ನಂಬ್ತಾರೆ.'

ಇದನ್ನು ಬರೆದರೆ ಸಮಿತಿಯವರಿಗೂ ಗೊತ್ತಾಗುತ್ತದೆ, ಮೇಸ್ತ್ರಿಯನ್ನು ಕೇಳುತ್ತಾರೆ, ನಿಮ್ಮನ್ನೂ ಕರೆಸಬಹುದು ಎಂದು ನಾನು ಎಚ್ಚರಿಸುತ್ತೇನೆ. ಆಕೆ ಯೋಚಿಸುತ್ತಾರೆ.

'ಠರಾವು ಆಗೋಗಿದೆ. ಆರು ತಿಂಗ್ಳು ಯಾರೂ ಕೈ ಹಾಕೋ ಹಾಗಿಲ್ಲ ಅಂದ್ರಲ್ಲ. ಆಮೇಲೆ ಬೇಕಾದ್ರೆ ಬಂದು ಸಾಲಲ್ಲಿ ನಿಂತು ನೋಡ್ಲಿ. ನನ್ನನ್ನ ಏನಾದ್ರೂ ಮಾಡ್ಕೊಳ್ಲಿ.' ಹೊಸಿಲಲ್ಲಿ ಯಾರೋ ಬಂದ ಸದ್ದಾಗಿ ಅವರು ವೈಪರ್ ಎತ್ತಿಕೊಳ್ಳುತ್ತಾರೆ. 'ನೀವು ಜಾಸ್ತಿ ಏನೂ ಬರೀಬೇಡಿ ಸಾರ್. ಗಲೀಜಿದ್ದಿದ್ದು ಆವತ್ತು ಒಂದಿನ ಮಾತ್ರ ಅಂತ ಬರೀರಿ. ಅತ್ತೆ ಊಟ ಮಾಡ್ತಾರೆ.'